ಹಿಗ್ಗದ ಉಂಗುರ, ರಿಮ್ಮಿನ ಹಳ್ಳ

ರಸ್ತೆ ತಡೆ ಚಳವಳಿ ಮುಗಿದ ಮರುದಿನ ಬೆಳಿಗ್ಗೆ ಆ ವೃತ್ತದ ಕಡೆ ಹೋದರೆ ಡಾಂಬರಿನ ಮೇಲೆ ಮಸಿ ಹರಡಿರುತ್ತದೆ, ಮಸಿಯ ನಡುವೆ ತಂತಿಯ ಉಂಗುರಗಳು ಬಿದ್ದಿರುತ್ತವೆ. ಟೈರಿನ ರಬ್ಬರು ಉರಿದುಹೋಗಿದೆ, ಒಳಗಿನ ನೈಲಾನ್ ನೂಲೂ ಹೋಗಿದೆ. ಉಳಿದದ್ದು ಉಕ್ಕು ಮಾತ್ರ. ಕಾರು, ಲಾರಿಗಳ ರೇಡಿಯಲ್ ಟೈರಾಗಿದ್ದರೆ ಉಂಗುರದ ಜೊತೆಗೆ ಸಿಕ್ಕುಗಟ್ಟಿದ ಸಣ್ಣ ತಂತಿಯ ರಾಶಿಯೂ ಇರುತ್ತದೆ. ದಿನಬಳಕೆಯ ಸಾಧಾರಣ ಬೈಕಿನ ಟೈರಾಗಿದ್ದರೆ ಸಿಗುವುದು ಎರಡೇ ಉಂಗುರ. ಟೈರಿನ ಎರಡೂ ಬದಿಯ ಒಳಅಂಚಿನಲ್ಲಿ ಒಂದೊಂದರಂತೆ ಹುದುಗಿದ್ದ ಆ ಉಂಗುರಕ್ಕೆ ಬೀಡ್ ವೈರ್ ಎನ್ನುತ್ತಾರೆ. ಅದನ್ನು ಹೊದ್ದುಕೊಂಡಿರುವ ರಬ್ಬರಿನ ದಪ್ಪ ಅಂಚೇ ಬೀಡ್.

ಮನೆಯಂಗಳದಲ್ಲಿ ಬೈಕಿನ ಟೈರು ಬದಲಿಸಲು ಕೂತವರನ್ನು ಕಾಡುವ ಕಷ್ಟವೆಲ್ಲ ಈ ಉಂಗುರದಿಂದಲೇ ಬಂದದ್ದು. 100/90-17 ಎಂಬ ಅಳತೆಯ ಟೈರನ್ನೇ ತೆಗೆದುಕೊಳ್ಳೋಣ. ನಮ್ಮ ರಸ್ತೆಗಳ ಎಷ್ಟೋ ಬೈಕುಗಳ ಹಿಂಚಕ್ರದಲ್ಲಿ ಇರುವುದು ಇದೇ. ಕೊನೆಯ 17 ಎಂಬುದು ರಿಮ್ಮಿನ ವ್ಯಾಸ, ಇಂಚುಗಳಲ್ಲಿ. ಅಂದರೆ ಬೀಡ್ ಕೂರುವ ಜಾಗದ ವ್ಯಾಸ ಸುಮಾರು 43 ಸೆಂಟಿಮೀಟರ್. ಟೈರು ಪಕ್ಕಕ್ಕೆ ಜಾರಿ ಹೊರಬೀಳದಂತೆ ತಡೆಯಲು ರಿಮ್ಮಿನ ಎರಡೂ ಬದಿಯಲ್ಲಿ ಸುತ್ತಲೂ ಒಂದು ಏಣು ಎದ್ದಿರುತ್ತದೆ. ಅದರ ಎತ್ತರ ಒಂದೂವರೆ ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಮೇಲೂ ಕೆಳಗೂ ಸೇರಿಸಿದರೆ 3. ಈಗ ಲೆಕ್ಕ ಹೀಗಾಯಿತು: 43 ಸೆಂಟಿಮೀಟರಿನ ಉಂಗುರ 46 ಸೆಂಟಿಮೀಟರಿನ ಏಣನ್ನು ದಾಟಿ ಒಳಗೆ ಹೋಗಬೇಕು, ಬೇಕಾದಾಗ ದಾಟಿ ಹೊರಗೆ ಬರಬೇಕು. ಸುತ್ತಳತೆಯಲ್ಲಿ ಹೇಳುವುದಾದರೆ ಸುಮಾರು 9 ಸೆಂಟಿಮೀಟರ್ ಕೊರತೆ, ಶೇಕಡಾ 7ರಷ್ಟು. ಬೀಡ್ ವೈರಿಗೆ ಬಳಸುವ ಬಿರುಸಾದ ಉಕ್ಕು ಶೇಕಡಾ 1ರಷ್ಟು ಹಿಗ್ಗುವಷ್ಟರಲ್ಲೇ ತನ್ನ ತಾಳಿಕೆಯ ಮಿತಿಯನ್ನು ಮುಟ್ಟಿರುತ್ತದೆ. ಏಳರ ಮಾತು ದೂರವೇ ಉಳಿಯಿತು.

ಆದರೂ ಪಂಕ್ಚರ್ ಅಂಗಡಿಯ ಹದಿನಾರರ ಹುಡುಗ ಎರಡು ಲಿವರ್ ಹಿಡಿದು, ಹರಟೆ ಹೊಡೆಯುತ್ತಲೇ, ಕೆಲವೇ ನಿಮಿಷಗಳಲ್ಲಿ ಇದನ್ನು ಮಾಡಿ ಮುಗಿಸುತ್ತಾನೆ. ಮನೆಯಲ್ಲಿ ಅದೇ ಕೆಲಸಕ್ಕೆ ಕೈಹಾಕಿದ ಗಟ್ಟಿಮುಟ್ಟಾದ ಆಳು ಅರ್ಧ ತಾಸು ಬೆವರು ಸುರಿಸಿ, ರಿಮ್ಮಿಗೆ ಗೀರು ಹಾಕಿ, ಹೊಸ ಟ್ಯೂಬಿಗೆ ತೂತು ಮಾಡಿ ಎದ್ದು ಬರುತ್ತಾನೆ. ಇಬ್ಬರ ತೋಳಿನ ಬಲಕ್ಕೂ ಈ ಫಲಿತಾಂಶಕ್ಕೂ ಸಂಬಂಧವಿಲ್ಲ. ಹುಡುಗನಿಗೆ ಉಸ್ತಾದ್ ಕಲಿಸಿದ ಮೊದಲ ಪಾಠ ಒಂದೇ ಸಾಲಿನದು: “ಆ ಕಡೆ ತುಳಿಯೋ, ಈ ಕಡೆ ತಾನೇ ಬರುತ್ತೆ.” ಈ ಸಾಲಿನ ಹಿಂದಿರುವ ರೇಖಾಗಣಿತ 1890ರಷ್ಟು ಹಳೆಯದು, ಅದಕ್ಕೊಂದು ಪೇಟೆಂಟ್ ಕೂಡ ಇತ್ತು.

ಗಾಳಿ ತುಂಬಿದ ಚಕ್ರದ ಕಲ್ಪನೆ ಅದಕ್ಕಿಂತ ಹಿಂದಿನದು. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಸೈಕಲ್ಲೇ ಇನ್ನೂ ಬಳಕೆಗೆ ಬಾರದ ಕಾಲ ಅದು. ಕುದುರೆ ಗಾಡಿಗೆ ಕಟ್ಟಿ ತೋರಿಸಿದ, ಜನ ಮೆಚ್ಚಿದರು, ಮರೆತರು. 1888ರಲ್ಲಿ ಬೆಲ್ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದ. ಥಾಮ್ಸನ್ನನ ಹಳೆಯ ಪೇಟೆಂಟ್ ಬೆಳಕಿಗೆ ಬಂದಾಗ ಡನ್‌ಲಪ್‌ನ ಪೇಟೆಂಟ್ ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಡನ್‌ಲಪ್‌ನ ಟೈರಿನಲ್ಲಿ ಒಂದು ದೊಡ್ಡ ತೊಡಕಿತ್ತು: ಅದು ರಿಮ್ಮಿಗೆ ಅಂಟಿಕೊಂಡಿರುತ್ತಿತ್ತು. ಪಂಕ್ಚರ್ ಆದರೆ ಅಂಟು ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಿ, ಒಣಗುವವರೆಗೆ ಕಾಯಬೇಕು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಊರಿನಲ್ಲಿದ್ದ ಮಿಶೆಲಿನ್ ಸಹೋದರರ ರಬ್ಬರು ಕಾರ್ಖಾನೆಗೆ ಸೈಕಲ್ ಸವಾರನೊಬ್ಬ ಇಂಥದೇ ಟೈರು ತೋರಿಸಲು ಬಂದ. ದುರಸ್ತಿಗೆ ತಾಸುಗಟ್ಟಲೆ ಹಿಡಿಯಿತು, ಅಂಟು ಒಣಗಲು ಒಂದು ರಾತ್ರಿ ಬೇಕಾಯಿತು. ಮರುದಿನ ಎದ್ವಾರ್ ಮಿಶೆಲಿನ್ ಅದನ್ನು ತುಳಿದು ನೋಡಿದ, ಸ್ವಲ್ಪ ದೂರ ಹೋಗುವಷ್ಟರಲ್ಲಿ ಗಾಳಿ ಮತ್ತೆ ಇಳಿಯಿತು. ಗಾಳಿಯ ಮೇಲೆ ಓಡುವ ಸುಖವನ್ನೂ ಅಂಟಿನ ಸಂಕಟವನ್ನೂ ಒಟ್ಟಿಗೆ ಕಂಡ ಆತ ಬಿಚ್ಚಿ ತೊಡಿಸಬಹುದಾದ ಟೈರಿನ ಹಿಂದೆ ಬಿದ್ದ. 1891ರಲ್ಲಿ ಆ ಟೈರು ತೊಡಿಸಿದ ಸೈಕಲ್ಲಿನಲ್ಲಿ ಶಾರ್ಲ್ ತೆರೋಂ ಪ್ಯಾರಿಸ್‌ನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರಿನ ಸ್ಪರ್ಧೆ ಗೆದ್ದ.

ಹೆಸರು ಮಾಡಿದವರು ಇವರು. ನಾವಿಂದು ಬಳಸುವ ಉಪಾಯ ಮಾತ್ರ ಇವರಾರದೂ ಅಲ್ಲ. ಅದು ಲಂಡನ್ನಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಎಂಬಾತನದು. 1890ರ ಸೆಪ್ಟೆಂಬರಿನ ತನ್ನ ಪೇಟೆಂಟಿನಲ್ಲಿ ವೆಲ್ಚ್ ಎರಡು ಸಂಗತಿಗಳನ್ನು ಜೋಡಿಸಿದ. ಟೈರಿನ ಅಂಚಿಗೆ ಹಿಗ್ಗದ ತಂತಿ. ರಿಮ್ಮಿನ ನಡುವೆ ಸುತ್ತಲೂ ಒಂದು ಹಳ್ಳ. ಡನ್‌ಲಪ್ ಕಂಪನಿ ಆ ಪೇಟೆಂಟನ್ನು ಕೊಂಡುಕೊಂಡಿತು. ವೆಲ್ಚ್‌ನ ಹೆಸರು ಇಂದು ಟೈರಿನ ಅಂಗಡಿಯಲ್ಲೂ ಯಾರಿಗೂ ಗೊತ್ತಿಲ್ಲ. ಸೈಕಲ್, ಸ್ಪ್ಲೆಂಡರ್, ಬುಲೆಟ್, ಕಾರು ಎಲ್ಲದರಲ್ಲೂ ಉರುಳುತ್ತಿರುವುದು ಅವನ ಯೋಚನೆಯೇ.

ಆ ಹಳ್ಳ ಮಾಡುವ ಕೆಲಸವನ್ನು ಬಳೆಗಾರನನ್ನು ನೋಡಿದವರು ಬೇಗ ಹಿಡಿಯುತ್ತಾರೆ. ಗಾಜಿನ ಬಳೆ ಒಂದು ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ಆತ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಚಿಸುತ್ತಾನೆ, ಬಳೆಯನ್ನು ಓರೆ ಮಾಡುತ್ತಾನೆ, ಒಂದು ಬದಿಯನ್ನು ಮೊದಲು ದಾಟಿಸಿ ಇನ್ನೊಂದು ಬದಿಯನ್ನು ಆಮೇಲೆ ಎಳೆದುಕೊಳ್ಳುತ್ತಾನೆ, ಬಿಗಿಯಾದರೆ ಸೋಪು ಹಚ್ಚುತ್ತಾನೆ. ಟೈರಿನಲ್ಲೂ ಹಾಗೆಯೇ. ಬೀಡಿನ ಒಂದು ಬದಿಯನ್ನು ಅದರ ಪೀಠದಿಂದ ಕೆಳಗಿಳಿಸಿ ರಿಮ್ಮಿನ ನಡುಹಳ್ಳಕ್ಕೆ ಬೀಳಿಸಿದರೆ ಇಡೀ ಉಂಗುರ ಅತ್ತ ಸರಿಯುತ್ತದೆ. ಅತ್ತ ಎಷ್ಟು ಇಳಿಯಿತೋ ಎದುರು ಬದಿಯಲ್ಲಿ ಅಷ್ಟು ಸಡಿಲ ಸಿಗುತ್ತದೆ. ಹಳ್ಳದ ಆಳ ಏಣಿನ ಎತ್ತರಕ್ಕೆ ಸಮವಾಗಿದ್ದರೆ ಸಾಕು, ಒಂದೂವರೆ ಹೋಗಿ ಒಂದೂವರೆ ಬಂತು, ಉಂಗುರ ಹಿಗ್ಗದೆ ದಾಟಿತು. ರಿಮ್ ಮಾಡುವವರು ಈ ಲೆಕ್ಕವನ್ನು ನೋಡಿಕೊಂಡೇ ಹಳ್ಳ ತೋಡಿರುತ್ತಾರೆ. ಅಲ್ಲಿಗೆ ಆಗುವುದಿಲ್ಲ ಎಂದು ಕಂಡದ್ದು ಆಗಲೇಬೇಕಾದ ಕೆಲಸವಾಯಿತು. ಆಗುತ್ತಿಲ್ಲವೆಂದರೆ ಎದುರು ಬದಿ ಹಳ್ಳದಿಂದ ಮೇಲೆ ಬಂದಿದೆ ಎಂದರ್ಥ.

ಇದನ್ನು ತಲೆಯಲ್ಲಿಟ್ಟುಕೊಂಡು ಅಂಗಳಕ್ಕಿಳಿಯೋಣ. ಚಕ್ರ ಕಳಚುವ ಬಗ್ಗೆ ಹೆಚ್ಚು ಹೇಳುವುದಿಲ್ಲ, ಬೈಕಿನಿಂದ ಬೈಕಿಗೆ ಅದು ಬೇರೆ, ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಚಿತ್ರಸಮೇತ ಇರುತ್ತದೆ. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಯನ್ನು ಇಟ್ಟಿಗೆಯ ಮೇಲೆ ನಿಲ್ಲಿಸುವ ಸಾಹಸ ಬೇಡ. ಆಕ್ಸಲ್ ಎಳೆಯುವಾಗ ಎಡಕ್ಕೂ ಬಲಕ್ಕೂ ಬೀಳುವ ಬುಶ್‌ಗಳ ಸರದಿಯನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಚೈನಿನ ಬಿಗಿ ಹೊಂದಿಸುವ ಗುರುತು ಎರಡೂ ಬದಿಯಲ್ಲಿ ಎಷ್ಟನೆಯ ಗೆರೆಯಲ್ಲಿದೆ ಎಂಬುದನ್ನೂ. ಡಿಸ್ಕ್ ಬ್ರೇಕಿನ ಚಕ್ರ ಹೊರಬಂದಿರುವಾಗ ಯಾರೂ ಬ್ರೇಕು ಒತ್ತದಂತೆ ನೋಡಿಕೊಳ್ಳಬೇಕು. ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಕೂಡಿಕೊಂಡು ಚಕ್ರ ಮತ್ತೆ ಒಳಗೆ ಹೋಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದು ನಡೆದೇ ನಡೆಯುತ್ತದೆ. ಪ್ಯಾಡುಗಳ ನಡುವೆ ರಟ್ಟಿನ ತುಂಡೊಂದನ್ನು ಸಿಕ್ಕಿಸಿಟ್ಟರೆ ಚಿಂತೆ ಇಲ್ಲ.

ಚಕ್ರವನ್ನು ಹಳೆಯ ಟೈರಿನ ಮೇಲೋ ಗೋಣಿಚೀಲದ ಮೇಲೋ ಮಲಗಿಸಿ, ಡಿಸ್ಕ್ ಇರುವ ಬದಿ ಮೇಲೆ ಬರುವಂತೆ. ವಾಲ್ವಿನ ಒಳಗಿನ ಪಿನ್ನನ್ನೇ ಬಿಚ್ಚಿ ಗಾಳಿಯನ್ನು ಪೂರ್ತಿ ಬಿಡಬೇಕು. ಯಾಕೆ ಪೂರ್ತಿ? ನಮ್ಮ 17 ಇಂಚಿನ ಟೈರಿನಲ್ಲಿ 28 ಪಿಎಸ್‌ಐ ಗಾಳಿ ಇದ್ದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಹತ್ತಿರಹತ್ತಿರ 2 ಕೆ.ಜಿ. ಒತ್ತಡ. ಟೈರಿನ ಪಕ್ಕೆಯಲ್ಲಿ ಬೀಡಿನಿಂದ ಹಿಡಿದು ಉಬ್ಬಿನ ನಡುವಿನವರೆಗಿನ ಪಟ್ಟಿಯ ವಿಸ್ತೀರ್ಣ 670 ಚದರ ಸೆಂಟಿಮೀಟರಿನ ಆಸುಪಾಸು ಬರುತ್ತದೆ. ಗುಣಿಸಿ ನೋಡಿ: ಬೀಡನ್ನು ಏಣಿಗೆ ಒತ್ತಿ ಹಿಡಿದಿರುವ ಬಲ 1,300 ಕೆ.ಜಿ.ಯನ್ನು ಮೀರುತ್ತದೆ. ತಿರುವಿನಲ್ಲಿ ಬೈಕು ವಾಲಿದಾಗ, ಗುಂಡಿಗೆ ಇಳಿದಾಗ ಟೈರು ರಿಮ್ಮನ್ನು ಬಿಡದಿರುವುದು ಈ ಒಂದು ಟನ್ನಿಗೂ ಮಿಕ್ಕಿದ ಹಿಡಿತದಿಂದ. ಗಾಳಿ ಹೋದರೆ ಹಿಡಿತ ಹೋಯಿತು. ಗಾಳಿ ಕಡಿಮೆ ಇಟ್ಟು ಓಡಿಸುವವರು ಯಾವುದನ್ನು ಕಡಿಮೆ ಮಾಡುತ್ತಿದ್ದಾರೆ ಎಂಬುದೂ ಇದರಿಂದ ತಿಳಿಯುತ್ತದೆ.

ಗಾಳಿ ಬಿಟ್ಟರೂ ಬೀಡ್ ತಾನಾಗಿ ಇಳಿಯುವುದಿಲ್ಲ. ಪೀಠಕ್ಕಿಂತ ಅದು ಒಂದಿಷ್ಟು ಬಿಗಿಯಾಗಿರುತ್ತದೆ, ಜೊತೆಗೆ ವರ್ಷಗಳ ತುಕ್ಕು, ಮಣ್ಣು. ಅಂಗಡಿಯವರು ಇದನ್ನು ಹಿಮ್ಮಡಿಯಿಂದ ತುಳಿದು ಬಿಡಿಸುತ್ತಾರೆ. ರಿಮ್ಮಿನ ಏಣಿಗೆ ತೀರ ಹತ್ತಿರದಲ್ಲಿ, ರಬ್ಬರಿನ ಮೇಲೆ ಮಾತ್ರ, ಗಟ್ಟಿ ಅಟ್ಟೆಯ ಬೂಟು ಹಾಕಿಕೊಂಡು ಸುತ್ತಲೂ ತುಳಿಯುತ್ತ ಬಂದರೆ ಸಾಮಾನ್ಯವಾಗಿ ಎರಡನೇ ಸುತ್ತಿಗೆ ಬಿಡುತ್ತದೆ. ಬಿಡದಿದ್ದರೆ ದೊಡ್ಡ ಸಿ-ಕ್ಲ್ಯಾಂಪ್, ಇಲ್ಲವೇ ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡ್. ಪಕ್ಕೆಯ ಮೇಲೆ ಸ್ಟ್ಯಾಂಡಿನ ತುದಿ ಊರಿ ಬೈಕನ್ನು ಆ ಕಡೆ ವಾಲಿಸಿದರೆ ಬೈಕಿನ ಭಾರವೇ ಕೆಲಸ ಮಾಡುತ್ತದೆ. ಒಬ್ಬರು ಬೈಕು ಹಿಡಿದಿರಲೇಬೇಕು. ಎರಡೂ ಬದಿಯ ಬೀಡುಗಳು ಸುತ್ತಲೂ ಸಡಿಲಗೊಂಡ ಮೇಲೆ ಲಿವರಿಗೆ ಕೈ ಹಾಕಬೇಕು, ಅದಕ್ಕೆ ಮುಂಚೆ ಅಲ್ಲ.

ಲಿವರ್ ಎಂಬುದು ಮೊದಲ ಬಗೆಯ ಸನ್ನೆಕೋಲು. 30 ಸೆಂಟಿಮೀಟರಿನ ಲಿವರ್ ರಿಮ್ಮಿನ ಏಣಿನ ಮೇಲೆ ಊರಿ ನಿಂತಾಗ ಒಳತುದಿಗೆ ಎರಡೂವರೆ ಸೆಂಟಿಮೀಟರ್, ಕೈಯ ಕಡೆಗೆ ಇಪ್ಪತ್ತೇಳೂವರೆ. ಹನ್ನೊಂದು ಪಟ್ಟು. ನೀವು 20 ಕೆ.ಜಿ. ಬಲ ಹಾಕಿದರೆ ತುದಿಯಲ್ಲಿ 220 ಕೆ.ಜಿ. ಅಲ್ಯೂಮಿನಿಯಂ ರಿಮ್ಮಿನ ಏಣನ್ನು ಬಾಗಿಸಲು, ಬೀಡಿನ ರಬ್ಬರು ಹರಿಯಲು, ಒಳಗಿನ ತಂತಿಯನ್ನು ಸೊಟ್ಟ ಮಾಡಲು ಅಷ್ಟು ಧಾರಾಳ ಸಾಕು. ಉದ್ದನೆಯ ಲಿವರ್ ಕೊಂಡರೆ ಕೆಲಸ ಸುಲಭವಾಗುತ್ತದೆ ಎಂದು ಹೇಳುವವರಿದ್ದಾರೆ. ನನ್ನ ಪ್ರಕಾರ ಅದು ತಪ್ಪು ಸಲಹೆ. ಗಿಡ್ಡ ಲಿವರಿನಲ್ಲಿ ಬೀಡ್ ಏಳದಿದ್ದಾಗ ನೀವು ನಿಲ್ಲಿಸುತ್ತೀರಿ, ಎದುರು ಬದಿ ನೋಡುತ್ತೀರಿ. ಉದ್ದ ಲಿವರಿನಲ್ಲಿ ಅದು ಎದ್ದೇ ಬಿಡುತ್ತದೆ, ಏನು ಮುರಿಯಿತು ಎಂಬುದು ಆಮೇಲೆ ತಿಳಿಯುತ್ತದೆ.

ಇನ್ನು ಎಲ್ಲಿಂದ ಶುರು ಮಾಡಬೇಕು? ವಾಲ್ವಿನ ಬಳಿಯಿಂದ. ವಾಲ್ವಿನ ಜಾಗದಲ್ಲಿ ಟ್ಯೂಬಿನ ದಪ್ಪ ಬುಡ ನಡುಹಳ್ಳವನ್ನು ತುಂಬಿಕೊಂಡಿರುತ್ತದೆ, ಅಲ್ಲಿ ಬೀಡ್ ಹಳ್ಳಕ್ಕೆ ಇಳಿಯಲಾರದು. ಆದ್ದರಿಂದ ಹಳ್ಳಕ್ಕೆ ಇಳಿಸುವ ಬದಿ ವಾಲ್ವಿಗೆ ನೇರ ಎದುರಿನದಾಗಿರಬೇಕು, ಲಿವರ್ ಹಾಕುವ ಬದಿ ವಾಲ್ವಿನದು. ವಾಲ್ವಿನ ನಟ್ಟು ಬಿಚ್ಚಿ, ಮಂಡಿಯೂರಿ ಎದುರು ಬದಿಯನ್ನು ಹಳ್ಳಕ್ಕೆ ಒತ್ತಿ ಹಿಡಿದು, ಒಂದು ಲಿವರ್ ಹಾಕಿ ಎಬ್ಬಿಸಿ, ನಾಲ್ಕು ಬೆರಳಿನಷ್ಟು ದೂರದಲ್ಲಿ ಎರಡನೆಯದು, ಮತ್ತಷ್ಟು ದೂರದಲ್ಲಿ ಮೂರನೆಯದು. ಒಮ್ಮೆಗೆ ಸ್ವಲ್ಪವೇ ಕಚ್ಚಿಸಬೇಕು. ಅಲಾಯ್ ರಿಮ್ಮಾದರೆ ಹಳೆಯ ಪ್ಲಾಸ್ಟಿಕ್ ಕ್ಯಾನು ಕತ್ತರಿಸಿದ ತುಂಡುಗಳನ್ನು ಏಣಿಗೂ ಲಿವರಿಗೂ ನಡುವೆ ಇಟ್ಟುಕೊಂಡರೆ ಗೀರು ಬೀಳುವುದಿಲ್ಲ. ಕಾಲು ಭಾಗ ಹೊರಬಂದ ಮೇಲೆ ಉಳಿದದ್ದು ಕೈಯಲ್ಲೇ ಬರುತ್ತದೆ. ಟ್ಯೂಬು ಎಳೆದು ತೆಗೆದು, ಎರಡನೆಯ ಬೀಡನ್ನೂ ಅದೇ ಏಣಿನ ಮೇಲಿಂದ ದಾಟಿಸಿದರೆ ಹಳೆಯ ಟೈರು ಕೈಗೆ ಬಂತು. ಕಡ್ಡಿಗಳ ಚಕ್ರವಾದರೆ ಕಡ್ಡಿಯ ನಿಪ್ಪಲ್‌ಗಳನ್ನು ಮುಚ್ಚುವ ರಬ್ಬರು ಪಟ್ಟಿ ಹರಿದಿದೆಯೇ ನೋಡಿ. ಪಂಕ್ಚರಿಗೆ ಮೊಳೆಯನ್ನು ಬೈಯುವ ಮುನ್ನ ಈ ಪಟ್ಟಿಯನ್ನು ಪರೀಕ್ಷಿಸಬೇಕು.

ಹೊಸ ಟೈರನ್ನು ಅರ್ಧ ತಾಸು ಬಿಸಿಲಿಗೆ ಇಟ್ಟಿರಿ. ತಣ್ಣಗಿದ್ದಾಗ ರಬ್ಬರಿನ ಅಣುಸರಪಳಿಗಳು ಬಿಗಿದುಕೊಂಡಿರುತ್ತವೆ, ಬೆಚ್ಚಗಾದರೆ ಅವುಗಳ ಓಡಾಟ ಹೆಚ್ಚಿ ಟೈರು ಮೆತ್ತಗೆ ಬಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಮಾಡುವುದಕ್ಕೂ ರಾಯಚೂರಿನ ಮಾರ್ಚಿನಲ್ಲಿ ಮಾಡುವುದಕ್ಕೂ ಕೈಗೆ ತಿಳಿಯುವಷ್ಟು ವ್ಯತ್ಯಾಸವಿದೆ. ಇಷ್ಟರೊಳಗೆ ಪಕ್ಕೆಯ ಮೇಲಿನ ಬರಹ ಓದಿಕೊಳ್ಳಬಹುದು. 100/90-17 ಎಂದರೆ ಅಗಲ 100 ಮಿಲಿಮೀಟರ್, ಎತ್ತರ ಅದರ ಶೇಕಡಾ 90. ಪಕ್ಕದಲ್ಲಿ 55P ಎಂದಿದ್ದರೆ ಈ ಟೈರು 218 ಕೆ.ಜಿ. ಹೊರಬಲ್ಲುದು, ಗಂಟೆಗೆ 150 ಕಿಲೋಮೀಟರಿನ ವೇಗದವರೆಗೆ ತಾಳಬಲ್ಲುದು. ನಾಲ್ಕಂಕಿಯ ಗುರುತೊಂದಿರುತ್ತದೆ, 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲೇ ಇದನ್ನು ನೋಡಿ ಕೊಂಡಿರಬೇಕು. ತಿರುಗುವ ದಿಕ್ಕಿನ ಬಾಣ ಇದ್ದರೆ ಅದು ಚಕ್ರದ ಯಾವ ಬದಿಗೆ ಬರಬೇಕೆಂದು ಈಗಲೇ ತೀರ್ಮಾನಿಸಿ. ಬಾಣ ತಿರುಗುಮುರುಗಾದದ್ದು ಗೊತ್ತಾಗುವುದು ಯಾವಾಗಲೂ ಎಲ್ಲ ಮುಗಿದ ಮೇಲೆಯೇ.

ಜಾರಿಸಲು ಸೋಪಿನ ನೀರು. ಗ್ರೀಸು, ಆಯಿಲ್, ಪೆಟ್ರೋಲು ಯಾವುದೂ ಬೇಡ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಇಳಿಸುವ ರಬ್ಬರು ಇಂಗಾಲ ಮತ್ತು ಜಲಜನಕದ ಉದ್ದುದ್ದ ಸರಪಳಿ. ಪೆಟ್ರೋಲೂ ಇಂಜಿನ್ ಆಯಿಲೂ ಅವೇ ಎರಡು ಮೂಲವಸ್ತುಗಳ ಗಿಡ್ಡ ಸರಪಳಿಗಳು. ಒಂದೇ ಕುಲದವಾದ್ದರಿಂದ ಒಂದರೊಳಗೊಂದು ನುಗ್ಗುತ್ತವೆ, ರಬ್ಬರು ಊದಿ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ಕಾರಣ, ಗ್ರೀಸು ಒಣಗುವುದಿಲ್ಲ. ಟೈರು ಕೂರುವಾಗ ಜಾರಬೇಕು, ಕೂತ ಮೇಲೆ ಜಾರಬಾರದು. ಬ್ರೇಕು ಒತ್ತಿದಾಗ ಟೈರು ರಿಮ್ಮಿನ ಮೇಲೆ ತುಸುತುಸುವೇ ಸರಿಯುತ್ತ ಹೋದರೆ ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ, ವಾಲ್ವ್ ಓರೆಯಾಗಿ ಬುಡದಲ್ಲಿ ಹರಿಯುತ್ತದೆ. ಸೋಪಿನ ನೀರು ಕೆಲಸದ ಹೊತ್ತಿಗೆ ಜಾರಿಸಿ, ಆಮೇಲೆ ಒಣಗಿ, ತನ್ನ ಪಾತ್ರ ಮುಗಿಸುತ್ತದೆ.

ಮೊದಲ ಬೀಡ್ ಬಹುಪಾಲು ಕೈಯಲ್ಲೇ ಒಳಗೆ ಹೋಗುತ್ತದೆ. ಈಗ ಟ್ಯೂಬು. ಇಂದಿನ ಟ್ಯೂಬುಗಳು ಹೆಚ್ಚಾಗಿ ಬ್ಯುಟೈಲ್ ರಬ್ಬರಿನವು. 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಪ್ರಯೋಗಾಲಯದಲ್ಲಿ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ರೂಪಿಸಿದ ಈ ಕೃತಕ ರಬ್ಬರಿನ ಮೂಲಕ ಗಾಳಿ ನುಸುಳುವ ವೇಗ ಮರದ ರಬ್ಬರಿಗಿಂತ ಎಷ್ಟೋ ಪಟ್ಟು ಕಡಿಮೆ. ಹಾಗೆಂದು ಸೊನ್ನೆಯಲ್ಲ, ತೂತಿಲ್ಲದ ಟ್ಯೂಬಿಗೂ ಆಗಾಗ ಗಾಳಿ ಹಾಕಿಸಬೇಕಾಗುವುದು ಅದಕ್ಕೇ. ಟ್ಯೂಬಿಗೆ ಆಕಾರ ಬರುವಷ್ಟು, ಅಷ್ಟೇ, ಗಾಳಿ ತುಂಬಿ. ಪೂರ್ತಿ ಚಪ್ಪಟೆ ಇದ್ದರೆ ಮಡಿಕೆ ಲಿವರಿನ ಬಾಯಿಗೆ ಸಿಗುತ್ತದೆ, ಹೆಚ್ಚು ಉಬ್ಬಿದ್ದರೆ ನಡುಹಳ್ಳವನ್ನು ತುಂಬಿ ಬೀಡ್ ಇಳಿಯಲು ಜಾಗ ಬಿಡುವುದಿಲ್ಲ. ಮೈಗೆ ಟಾಲ್ಕಂ ಪೌಡರ್ ಸವರಿದರೆ ಟೈರಿಗೆ ಅಂಟದೆ ತಾನಾಗಿ ಸರಿಹೊಂದುತ್ತದೆ. ವಾಲ್ವನ್ನು ತೂತಿನಲ್ಲಿ ತೂರಿಸಿ ನಟ್ಟನ್ನು ಎರಡು ಸುತ್ತು ಮಾತ್ರ ತಿರುಗಿಸಿ ಬಿಡಿ.

ಎರಡನೆಯ ಬೀಡ್ ಎಂಬುದೇ ನಿಜವಾದ ಪರೀಕ್ಷೆ. ವಾಲ್ವಿನ ಎದುರಿನಿಂದ ಶುರು ಮಾಡಿ ಎರಡೂ ಬದಿಯಿಂದ ವಾಲ್ವಿನತ್ತ ಬರಬೇಕು, ಕೊನೆಯ ತುಂಡು ವಾಲ್ವಿನ ಬಳಿ ಒಳಗೆ ಬೀಳಬೇಕು. ಕಾರಣ ಆಗಲೇ ಹೇಳಿದ್ದು. ಕೊನೆಯ ಒಂದು ಗೇಣು ಉಳಿದಾಗ ಟೈರು ಬಿಗಿಯುತ್ತದೆ, ಎಲ್ಲರೂ ಲಿವರನ್ನು ಜಗ್ಗಲು ಹೊರಡುವುದು ಆಗಲೇ, ಟ್ಯೂಬು ಲಿವರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಜೋಡಿ ತೂತು ಬೀಳುವುದೂ ಆಗಲೇ. ಅಲ್ಲಿ ನಿಲ್ಲಿಸಿ. ಎದುರು ಬದಿಗೆ ಹೋಗಿ, ಬೀಡ್ ಹಳ್ಳ ಬಿಟ್ಟು ಮೇಲೇರಿ ಕೂತಿರುವುದನ್ನು ಕಂಡು, ಮಂಡಿಯಿಂದ ಮತ್ತೆ ಕೆಳಗಿಳಿಸಿ ಬನ್ನಿ. ಆ ಒಂದು ಗೇಣು ಸಣ್ಣ ಲಿವರಿಗೇ ಒಳಗೆ ಜಾರುತ್ತದೆ. ಬಲ ಹಾಕಬೇಕೆನಿಸಿದರೆ ಎದುರು ಬದಿ ನೋಡು ಎಂಬ ಈ ನಿಯಮ ಇಡೀ ಅಧ್ಯಾಯದ ತಿರುಳು. ಬೇರೆಲ್ಲ ಮರೆತರೂ ನಡೆಯುತ್ತದೆ. ಮುಗಿದ ಮೇಲೆ ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಬೀಡಿನ ಕೆಳಗೆ ಟ್ಯೂಬು ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ.

ಗಾಳಿ ಹೊಡೆಯುತ್ತ ಹೋದಂತೆ ಬೀಡುಗಳು ಹಳ್ಳದಿಂದ ಹತ್ತಿ ಪೀಠದ ಮೇಲೆ ಟಪ್ ಎಂದು ಕೂರುತ್ತವೆ. ಟೈರಿನ ಪಕ್ಕೆಯಲ್ಲಿ ರಿಮ್ಮಿಗೆ ಒತ್ತಿದಂತೆ ಒಂದು ಸಣ್ಣ ಗೆರೆ ಸುತ್ತಲೂ ಹೋಗಿರುತ್ತದೆ. ಗೆರೆ ರಿಮ್ಮಿನಿಂದ ಎಲ್ಲೆಡೆ ಒಂದೇ ದೂರದಲ್ಲಿದ್ದರೆ ಟೈರು ನೆಟ್ಟಗೆ ಕೂತಿದೆ. ಒಂದೆಡೆ ಒಳಗೆ ಸೇರಿದ್ದರೆ ಗಾಳಿ ಬಿಟ್ಟು, ಸೋಪಿನ ನೀರು ಸವರಿ, ಮತ್ತೆ ಹೊಡೆಯಬೇಕು. ಪಕ್ಕೆಯ ಮೇಲೆ ಬರೆದಿರುವ ಗರಿಷ್ಠ ಒತ್ತಡವನ್ನು ಮೀರಿಸಿ ಕೂರಿಸಲು ಹೋಗಬೇಡಿ. ಟನ್ನುಗಟ್ಟಲೆ ಬಲದ ಲೆಕ್ಕ ಆಗಲೇ ಮಾಡಿದ್ದೇವೆ. ಚೆನ್ನಾಗಿ ಕೂತ ಮೇಲೂ ಒಮ್ಮೆ ಗಾಳಿ ಪೂರ್ತಿ ಬಿಟ್ಟು ಮತ್ತೆ ತುಂಬಿದರೆ ಟ್ಯೂಬಿನ ಸುಕ್ಕು ಬಿಡುತ್ತದೆ.

ಬ್ಯಾಲೆನ್ಸಿಂಗ್ ಬೇಕೇ ಎಂದು ಕೇಳುವವರಿಗೆ ಒಂದು ಲೆಕ್ಕ. ರಿಮ್ಮಿನ ಒಂದು ಕಡೆ 20 ಗ್ರಾಂ ಹೆಚ್ಚಿದೆ ಎನ್ನಿ. ಗಂಟೆಗೆ 80 ಕಿಲೋಮೀಟರಿನಲ್ಲಿ ಚಕ್ರ ಸೆಕೆಂಡಿಗೆ ಹನ್ನೆರಡರ ಹತ್ತಿರ ಸುತ್ತುತ್ತದೆ, ಆ 20 ಗ್ರಾಂ ಸುಮಾರು ಎರಡೂವರೆ ಕೆ.ಜಿ. ತೂಕದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಜಗ್ಗುತ್ತದೆ, ಸೆಕೆಂಡಿಗೆ ಹನ್ನೆರಡು ಸಲ ದಿಕ್ಕು ಬದಲಿಸುತ್ತ. ವೇಗ ಅರ್ಧವಾದರೆ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಊರೊಳಗೆ ನಲವತ್ತರಲ್ಲಿ ಓಡುವ ಬೈಕಿನಲ್ಲಿ ಇದು ಗೊತ್ತೇ ಆಗುವುದಿಲ್ಲ, ಹೆದ್ದಾರಿಯಲ್ಲಿ ಹ್ಯಾಂಡಲ್ ನಡುಗುತ್ತದೆ. ಆಕ್ಸಲನ್ನು ಎರಡು ಸ್ಟೂಲುಗಳ ಮೇಲೆ ಅಡ್ಡಲಾಗಿಟ್ಟು ಮುಂಚಕ್ರವನ್ನು ಸಲೀಸಾಗಿ ತಿರುಗಲು ಬಿಟ್ಟರೆ ಭಾರದ ಬದಿ ಕೆಳಗೆ ಬಂದು ನಿಲ್ಲುತ್ತದೆ, ಅದರ ಎದುರಿಗೆ ಅಂಟಿಸುವ ತೂಕ ಹಾಕಿದರೆ ಮನೆಯಲ್ಲೇ ಕೆಲಸವಾಯಿತು. ಟೈರಿನ ಮೇಲೆ ಹಳದಿ ಚುಕ್ಕಿ ಇದ್ದರೆ ಅದು ಟೈರಿನ ಹಗುರ ಜಾಗ, ಭಾರದ ವಾಲ್ವಿನ ಪಕ್ಕಕ್ಕೆ ಅದು ಬರಲಿ ಎಂದು ಇಟ್ಟದ್ದು.

ಇದುವರೆಗೆ ಹೇಳಿದ್ದು ಟ್ಯೂಬಿನ ಟೈರಿನ ಕಥೆ. ಟ್ಯೂಬ್‌ಲೆಸ್ ಬೇರೆ. ಅಲ್ಲಿ ಬೀಡೇ ಗಾಳಿಯನ್ನು ಹಿಡಿದಿಡಬೇಕು, ಅದರ ಮೈಗೆ ಬಿದ್ದ ಒಂದು ಗೀರೂ ಸೋರಿಕೆ. ರಿಮ್ಮಿಗೂ ಬೀಡಿಗೂ ಮೊದಲಿಗೆ ಸಂದು ಇರುತ್ತದೆ. ಕಾಲಿನ ಪಂಪು ಹಾಕುವ ಗಾಳಿಗಿಂತ ಸಂದಿನಿಂದ ಹೋಗುವ ಗಾಳಿಯೇ ಹೆಚ್ಚು, ದಿನವಿಡೀ ತುಳಿದರೂ ಟೈರು ಉಬ್ಬುವುದಿಲ್ಲ. ಕಂಪ್ರೆಸರಿನಿಂದ ಒಮ್ಮೆಲೇ ನುಗ್ಗುವ ಗಾಳಿ ಬೇಕು. ವಾಲ್ವಿನ ಪಿನ್ ತೆಗೆದರೆ ಹರಿವು ಹೆಚ್ಚುತ್ತದೆ, ಟೈರಿನ ನಡುವೆ ಸುತ್ತಲೂ ಹಗ್ಗ ಬಿಗಿದರೆ ಬೀಡುಗಳು ಅತ್ತಿತ್ತ ಅಗಲಿ ಸಂದು ಮುಚ್ಚುತ್ತದೆ. ಒಳಗೆ ಉರಿಯುವ ಸ್ಪ್ರೇ ಹೊಡೆದು ಕಡ್ಡಿ ಗೀರಿ ಸ್ಫೋಟದಿಂದ ಕೂರಿಸುವ ವಿಡಿಯೋಗಳು ಓಡಾಡುತ್ತಿವೆ. ನೋಡಿ ಆನಂದಿಸಿ, ಮಾಡಲು ಹೋಗಬೇಡಿ.

ಹಣ ಎಷ್ಟು ಉಳಿಯುತ್ತದೆ? ಅಮೆರಿಕ, ಯೂರೋಪಿನಲ್ಲಿ ಕೂಲಿ ದುಬಾರಿ, ಅಲ್ಲಿನ ಸವಾರರು ಮನೆಯಲ್ಲೇ ಟೈರು ಬದಲಿಸುವುದಕ್ಕೆ ಅದೇ ಮುಖ್ಯ ಕಾರಣ. ನಮ್ಮೂರಿನಲ್ಲಿ ಆ ವಾದ ನಿಲ್ಲುವುದಿಲ್ಲ. ಮೂರು ಒಳ್ಳೆಯ ಲಿವರಿಗೆ ಕೊಡುವ ದುಡ್ಡಿನಲ್ಲಿ ಪಂಕ್ಚರ್ ಅಂಗಡಿಯವರು ಹಲವು ಸಲ ಟೈರು ಹಾಕಿಕೊಡುತ್ತಾರೆ. ಹಾಗಿದ್ದರೆ ಕಲಿಯುವುದು ಯಾಕೆ? ಆಗುಂಬೆಯ ತಿರುವಿನಲ್ಲೋ ಲಡಾಖಿನ ಬಯಲಿನಲ್ಲೋ ಟ್ಯೂಬು ಒಡೆದಾಗ ಅಂಗಡಿ ಹತ್ತಿರ ಇರುವುದಿಲ್ಲ, ಬಿಸಿಲಿನಲ್ಲಿ ಮೊದಲ ಪಾಠ ಕಲಿಯುವ ಜಾಗವೂ ಅದಲ್ಲ. ಕಡ್ಡಿಯ ಚಕ್ರ, ಟ್ಯೂಬಿನ ಟೈರು ಇರುವ ಬೈಕನ್ನು ಇಟ್ಟುಕೊಂಡು ದೂರ ಹೋಗುವವರು ಒಮ್ಮೆಯಾದರೂ ಮನೆಯಲ್ಲಿ ಮಾಡಿ ನೋಡಿರಬೇಕು, ಹಿಂಚಕ್ರಕ್ಕಿಂತ ಸರಳವಾದ ಮುಂಚಕ್ರದಿಂದ ಶುರು ಮಾಡಿ. ದೊಡ್ಡ ಬೈಕಿನ 150 ಮಿಲಿಮೀಟರಿನ ಅಗಲದ ಟ್ಯೂಬ್‌ಲೆಸ್ ರೇಡಿಯಲ್ ಆಗಿದ್ದರೆ ಯಂತ್ರವಿರುವ ಅಂಗಡಿಗೆ ಕೊಟ್ಟುಬಿಡುವುದೇ ಜಾಣತನ.

ಚಕ್ರ ತೊಡಿಸಿದ ಮೇಲೆ ಆಕ್ಸಲ್ ನಟ್ಟನ್ನು ಕೈಪಿಡಿ ಹೇಳಿದಷ್ಟು ಬಿಗಿದು, ಸ್ಪ್ಲಿಟ್ ಪಿನ್ ಇದ್ದರೆ ಹೊಸದನ್ನೇ ಹಾಕಿ, ಗಾಡಿ ಹತ್ತುವ ಮೊದಲು ಬ್ರೇಕನ್ನು ಹಿಡಿತ ಸಿಗುವವರೆಗೆ ಒತ್ತಿ ನೋಡಿ. ಹೊಸ ಟೈರಿನ ಮೈ ಮೊದಲ ನೂರು ಕಿಲೋಮೀಟರಾದರೂ ನುಣುಪಾಗಿರುತ್ತದೆ, ತಿರುವಿನಲ್ಲಿ ವಾಲಿಸುವುದನ್ನು ಅಲ್ಲಿಯವರೆಗೆ ಮುಂದೂಡಿ.

ಅಂಗಡಿಯಲ್ಲಿ ಹಾಕಿಸಿದ್ದರೆ ಹಳೆಯ ಟೈರು ಅಲ್ಲೇ ಉಳಿಯುತ್ತಿತ್ತು, ಈಗ ಅದು ನಿಮ್ಮ ಅಂಗಳದಲ್ಲಿದೆ. ಅದನ್ನು ಹಿತ್ತಲಿನ ಗೋಡೆಗೆ ಒರಗಿಸಿಡಬೇಡಿ. ಟೈರನ್ನು ಹೇಗೆ ನಿಲ್ಲಿಸಿದರೂ ಮಳೆನೀರು ಅದರ ಒಳಮೈಯಲ್ಲಿ ನಿಲ್ಲುತ್ತದೆ, ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡಲು ಹುಡುಕುವುದು ಇಂಥ ಕತ್ತಲೆಯ ನಿಂತ ನೀರನ್ನೇ. 1985ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಕಾಣಿಸಿಕೊಂಡ ಏಷ್ಯಾದ ಈಡಿಸ್ ಸೊಳ್ಳೆ ಸಮುದ್ರ ದಾಟಿದ್ದು ಹಡಗಿನಲ್ಲಿ ತಂದ ಹಳೆಯ ಟೈರುಗಳ ಒಳಗೆ. ಅದೇ ವಾರ ಗುಜರಿಯವರಿಗೆ ಕೊಟ್ಟುಬಿಡಿ.